ಟಾರ್ಚಿನ ಬೆಳಕು ಯಾರ ಮಾತು ಕೇಳಬೇಕು?

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ. ಒಳಗೆ ಹಾಕುವುದು ಸೆಲ್ಲು, ಮುಂದೆ ಉರಿಯುವುದು ಬಲ್ಬು. ಎಲ್‌ಇಡಿ ಬಂದು ಇಷ್ಟು ವರ್ಷವಾದರೂ ಹಳಬರ ಬಾಯಲ್ಲಿ ಅದು ಬಲ್ಬೇ. ಇವೆಲ್ಲದರ ನಡುವೆ ಇನ್ನೊಂದು ಬಂದು ಕೂತಿದೆ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ, ಸಾಮಾನ್ಯವಾಗಿ 17 ಮಿಲಿಮೀಟರ್ ಅಗಲದ ದುಂಡನೆಯ ಬೋರ್ಡು. ಡ್ರೈವರ್ ಎನ್ನುವುದು ಇದನ್ನೇ. ಸೆಲ್ಲಿನಿಂದ ಎಲ್‌ಇಡಿಗೆ ಎಷ್ಟು ವಿದ್ಯುತ್ತು ಹರಿಯಬೇಕು, ಗುಂಡಿ ಒತ್ತಿದ ಕೂಡಲೇ ಯಾವ ಬೆಳಕು ಬರಬೇಕು, ಟಾರ್ಚು ಬಿಸಿಯಾದರೆ ಏನು ಮಾಡಬೇಕು, ಸೆಲ್ಲು ಖಾಲಿಯಾಗುತ್ತ ಬಂದಾಗ ಎಚ್ಚರಿಸಬೇಕೋ ಬೇಡವೋ ಎಂಬುದೆಲ್ಲ ಇದರ ತೀರ್ಮಾನ. ಇಷ್ಟು ಅಧಿಕಾರ ಇರುವ ವಸ್ತುವಿಗೆ ನಮ್ಮ ಮಾತಿನಲ್ಲಿ ಒಂದು ಹೆಸರಿಲ್ಲ. ಹೆಸರಿಲ್ಲದ್ದರಿಂದ ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ಕೇಳದೆ ಇರುವುದರಿಂದ ಒಂದು ಅಭಿಪ್ರಾಯ ನೆಮ್ಮದಿಯಾಗಿ ಬೇರುಬಿಟ್ಟಿದೆ. ಟಾರ್ಚು ಮಾಡುವವರು, ಮಾರುವವರು, ಎಲೆಕ್ಟ್ರಾನಿಕ್ಸ್ ಕಲಿಸುವವರು, ಕೊನೆಗೆ ಕೊಳ್ಳುವ ನಾವೂ ಅದನ್ನೇ ಹೇಳುತ್ತೇವೆ: “ಜನಕ್ಕೆ ಸೆಟ್ಟಿಂಗ್ ಎಲ್ಲ ಬೇಡ ಮಾರಾಯ್ರೆ, ಒತ್ತಿದರೆ ಹತ್ತಬೇಕು, ಅಷ್ಟೆ.” ಆಮೇಲೆ ಹೇಗೆ ಹತ್ತಬೇಕು, ಎಷ್ಟು ಹೊತ್ತು ಹತ್ತಬೇಕು ಎಂಬುದನ್ನು ಕಾರ್ಖಾನೆಯೇ ತೀರ್ಮಾನಿಸಿ, ಅಂಟು ಹಾಕಿ ಮುಚ್ಚುತ್ತದೆ. ಬಳಸುವವರು ತಮ್ಮ ಕೆಲಸಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದಾದ ಡ್ರೈವರ್ ಹವ್ಯಾಸಿಗಳ ಆಟಿಕೆಯಾಗಿ ಮೂಲೆ ಸೇರಿದೆ. ನಾನು ತೀರ್ಥಹಳ್ಳಿಯ ಕಡೆಯವನು. ಹನ್ನೆರಡು ವರ್ಷದಿಂದ ಅಡಿಕೆ ತೋಟದ ಕೆಲಸದ ನಡುವೆ ಟಾರ್ಚು ಬಿಚ್ಚಿ, ಡ್ರೈವರ್ ಬದಲಿಸಿ, ಸುತ್ತಮುತ್ತಲಿನವರಿಗೆ ಹೊಂದಿಸಿ ಕೊಡುತ್ತ ಬಂದಿದ್ದೇನೆ. ಆ ಮೇಜಿನ ಮುಂದೆ ಕೂತು ಕಂಡದ್ದನ್ನು ಇಟ್ಟುಕೊಂಡು ಹೇಳುತ್ತೇನೆ: ಈ ಅಭಿಪ್ರಾಯ ತಪ್ಪು, ಮತ್ತು ರಾತ್ರಿ ಹೊರಗೆ ಕಾಲಿಡಲೇಬೇಕಾದವರಿಗೆ ಅದರಿಂದ ದಿನವೂ ಕೇಡಾಗುತ್ತಿದೆ.

ಮಿನುಗುವ ಬೆಳಕಿನಿಂದ ಶುರುಮಾಡುತ್ತೇನೆ. ಪೇಟೆಯ ಅಗ್ಗದ ಎಲ್‌ಇಡಿ ಟಾರ್ಚುಗಳಲ್ಲಿ ತೀರಾ ಸಾಮಾನ್ಯವಾಗಿ ಐದು ಮೋಡ್‌ಗಳಿರುತ್ತವೆ: ಜೋರು, ಮಧ್ಯಮ, ಸಣ್ಣ, ಸ್ಟ್ರೋಬ್, ಎಸ್‌ಒಎಸ್. ಗುಂಡಿ ಅರ್ಧ ಒತ್ತಿದ ಹಾಗೆಲ್ಲ ಸರದಿಯಲ್ಲಿ ಒಂದೊಂದೇ ಬರುತ್ತದೆ. ಸಣ್ಣ ಬೆಳಕಿನಿಂದ ಮತ್ತೆ ಜೋರಿಗೆ ಹೋಗಬೇಕಾದರೆ ಪಟಪಟನೆ ಮಿನುಗಿ ಕಣ್ಣಿಗೆ ಚುಚ್ಚುವ ಸ್ಟ್ರೋಬ್ ದಾಟಿಯೇ ಹೋಗಬೇಕು. ಕಳೆದ ಮಳೆಗಾಲ ಪಕ್ಕದ ಮನೆಯಲ್ಲಿ ದನ ಕರು ಹಾಕುವ ಹೊತ್ತು, ಕರೆಂಟಿಲ್ಲ. ಮನೆಯ ಅಮ್ಮ ಒಂದು ಕೈಯಲ್ಲಿ ಟಾರ್ಚು ಹಿಡಿದು, ದನದ ಕಣ್ಣಿಗೆ ಬೀಳದಿರಲಿ ಎಂದು ಬೆಳಕು ತಗ್ಗಿಸಲು ಗುಂಡಿ ಒತ್ತಿದರು. ಒಂದು ಸಲ ಹೆಚ್ಚಾಗಿ ಒತ್ತಿಹೋಯಿತು. ಕೊಟ್ಟಿಗೆಯ ತುಂಬ ಬೆಳಕು ಪಟಪಟನೆ ಬಡಿಯತೊಡಗಿತು. ಮಲಗಿದ್ದ ದನ ಬೆದರಿ ಎದ್ದು ಹಗ್ಗ ಜಗ್ಗಿತು. ಕರು ಉಳಿದದ್ದು ದೇವರ ದಯೆ. ಆ ಅಮ್ಮನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಐದರಲ್ಲಿ ಒಂದೇ ಮೋಡ್. ಉಳಿದ ನಾಲ್ಕನ್ನು ತೆಗೆದುಹಾಕುವ ಹಕ್ಕು ಅವರಿಗೆ ಯಾಕಿಲ್ಲ?

ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಕೆಲವರಲ್ಲಿ ಫಿಟ್ಸ್ ತರಬಲ್ಲದು ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಅಂಥ ಬೆಳಕನ್ನು ಎಲ್ಲರ ಮನೆಯ ಟಾರ್ಚಿನಲ್ಲೂ, ಮಕ್ಕಳ ಕೈಗೆ ಸಿಗುವ ಸರದಿಯಲ್ಲೇ ಇಟ್ಟಿರುವುದಕ್ಕೆ ಯಾವ ಸಮರ್ಥನೆ ಇದೆ? ಎಸ್‌ಒಎಸ್ ವಿಷಯಕ್ಕೆ ಬಂದರೆ, ಮೂರು ಗಿಡ್ಡ, ಮೂರು ಉದ್ದ, ಮತ್ತೆ ಮೂರು ಗಿಡ್ಡ ಮಿನುಗನ್ನು ಓದುವವರು ಸಮುದ್ರದ ಹಡಗಿನಲ್ಲಿ ಇದ್ದಾರು. ನಮ್ಮ ಬೆಟ್ಟದ ಬುಡದಲ್ಲಿ ಕಾಲು ಜಾರಿ ಬಿದ್ದವನನ್ನು ಹುಡುಕಿ ಬರುವವರಿಗೆ ಬೇಕಾದದ್ದು ಬೆಳಗಿನವರೆಗೆ ಆರದೆ ನಿಲ್ಲುವ ಒಂದು ಸಣ್ಣ ಬೆಳಕು.

ಈಗ ಆ ಸಣ್ಣ ಬೆಳಕಿನ ಲೆಕ್ಕಕ್ಕೆ ಬರುತ್ತೇನೆ. ಕಾರ್ಖಾನೆಯ ತೀರ್ಮಾನ ಎಷ್ಟು ಕುರುಡು ಎಂಬುದು ಇಲ್ಲಿ ಅಂಕಿಯಲ್ಲೇ ಕಾಣುತ್ತದೆ. ಹವ್ಯಾಸಿಗಳು ವರ್ಷಗಟ್ಟಲೆ ಬಳಸಿದ ನ್ಯಾನ್‌ಜೆಜಿ 105ಸಿ ಎಂಬ ಡ್ರೈವರನ್ನೇ ತೆಗೆದುಕೊಳ್ಳಿ. ಅದರ ಮೇಲೆ ಎಎಂಸಿ 7135 ಎಂಬ ಎಂಟು ಪುಟ್ಟ ಚಿಪ್‌ಗಳಿವೆ. ಪ್ರತಿಯೊಂದೂ 350 ಮಿಲಿಆಂಪಿಯರ್ ಮಾತ್ರ ಹರಿಯಬಿಡುತ್ತದೆ, ಎಂಟೂ ಸೇರಿದರೆ 2.8 ಆಂಪಿಯರ್. ಈ ಬಗೆಯ ಡ್ರೈವರಿನಲ್ಲಿ ಎಲ್‌ಇಡಿಗೆ ಹೋಗುವಷ್ಟೇ ಪ್ರವಾಹ ಸೆಲ್ಲಿನಿಂದ ಹೊರಡುತ್ತದೆ, ಆದ್ದರಿಂದ ಲೆಕ್ಕ ಸುಲಭ. 3000 ಮಿಲಿಆಂಪಿಯರ್-ಗಂಟೆಯ 18650 ಎಂಬ ಒಂದು ಲಿಥಿಯಂ ಸೆಲ್ಲು ಹಾಕಿದರೆ ಎಂಟೂ ಚಿಪ್ ಉರಿದಾಗ ಒಂದು ಗಂಟೆಯ ಮೇಲೆ ಸ್ವಲ್ಪ. ಒಂದೇ ಚಿಪ್ ಉರಿದಾಗ ಎಂಟೂವರೆ ಗಂಟೆ. ಅದನ್ನೂ ತಗ್ಗಿಸಿ 30 ಮಿಲಿಆಂಪಿಯರ್‌ಗೆ ತಂದರೆ 100 ಗಂಟೆ, ಅಂದರೆ ನಾಲ್ಕು ಹಗಲು ನಾಲ್ಕು ರಾತ್ರಿ.

ಆದರೆ ಕಣ್ಣು ಈ ಲೆಕ್ಕದಂತೆ ನೋಡುವುದಿಲ್ಲ. ಬೆಳಕು ಎಂಟನೆಯ ಒಂದು ಭಾಗಕ್ಕೆ ಇಳಿದರೂ ಕಣ್ಣಿಗೆ ಅದು ಹೆಚ್ಚುಕಡಿಮೆ ಅರ್ಧದಷ್ಟು ಕಾಣುತ್ತದೆ. ಕಣ್ಣಿನ ಗ್ರಹಿಕೆ ಸ್ಥೂಲವಾಗಿ ಘನಮೂಲದ ಹಾದಿಯಲ್ಲಿ ಹೋಗುತ್ತದೆ. ಅಂದರೆ ಅರ್ಧ ಬೆಳಕು ಸಾಕು ಎಂದು ಒಪ್ಪಿದವನಿಗೆ ಎಂಟು ಪಟ್ಟು ಹೊತ್ತು ಸಿಗುತ್ತದೆ. ಕಾರ್ಖಾನೆ ಮಾಡುವುದೇನು? ಜೋರು ಎಂದರೆ ನೂರು, ಮಧ್ಯಮ ಎಂದರೆ ಐವತ್ತು ಎಂದು ಕಾಗದದ ಮೇಲೆ ಬರೆದು ಅದನ್ನೇ ಚಿಪ್ಪಿಗೆ ತುಂಬುತ್ತದೆ. ಐವತ್ತರ ಮಧ್ಯಮ ಕಣ್ಣಿಗೆ ಎಂಬತ್ತರಂತೆ ಕಾಣುತ್ತದೆ. ಜೋರಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗದೆ ಜನ ಮಧ್ಯಮವನ್ನು ಬಳಸುವುದನ್ನೇ ಬಿಡುತ್ತಾರೆ. ಆಮೇಲೆ ಇದೇ ಕಾರ್ಖಾನೆಯವರು ಹೇಳುತ್ತಾರೆ, ನೋಡಿ, ಜನ ಬೇರೆ ಮೋಡ್ ಬಳಸುವುದೇ ಇಲ್ಲ ಎಂದು. ಬಳಸಲಾಗದಂತೆ ಮಾಡಿಟ್ಟು ಬಳಸುವುದಿಲ್ಲ ಎಂದು ದೂರುವುದು ಯಾವ ನ್ಯಾಯ?

ಇನ್ನೂ ಒಂದು ಅನ್ಯಾಯ ಇದರೊಳಗೇ ಇದೆ. ಎಲ್‌ಇಡಿ ಕಡಿಮೆ ಪ್ರವಾಹದಲ್ಲಿ ಹೆಚ್ಚು ದಕ್ಷ. ಅದೇ ವಿದ್ಯುತ್ತಿಗೆ ಹೆಚ್ಚು ಬೆಳಕು ಕೊಡುತ್ತದೆ, ಕಡಿಮೆ ಬಿಸಿಯಾಗುತ್ತದೆ. ಒಂದು ಚಿಪ್ಪನ್ನು ಬೇರೆ ದಾರಿಯಲ್ಲಿ ಇಟ್ಟು, ಸಣ್ಣ ಬೆಳಕಿಗೆ ಅದೊಂದನ್ನೇ ಹಚ್ಚುವ ಏರ್ಪಾಡು ಮಾಡಿದರೆ ಈ ಲಾಭ ಪೂರ್ತಿ ಕೈಗೆ ಬರುತ್ತದೆ. ಹವ್ಯಾಸಿಗಳು ಹೀಗೆ ಮಾಡಿಕೊಂಡು ಎಷ್ಟೋ ಕಾಲವಾಯಿತು. ಅಗ್ಗದ ಡ್ರೈವರುಗಳು ಮಾತ್ರ ಪೂರ್ತಿ ಪ್ರವಾಹವನ್ನೇ ಬಿಟ್ಟು ಬಿಟ್ಟು ಹರಿಸಿ, ಸೆಕೆಂಡಿಗೆ ನೂರಾರು ಸಲ ಹಚ್ಚಿ ಆರಿಸಿ, ಸಣ್ಣ ಬೆಳಕಿನ ಭ್ರಮೆ ಹುಟ್ಟಿಸುತ್ತವೆ. ಲಾಭ ಹೋಯಿತು, ಮೇಲಿಂದ ಕಣ್ಣಿಗೆ ನಡುಕ. ಆ ಬೆಳಕಿನಲ್ಲಿ ಕೈ ಬೀಸಿ ನೋಡಿ, ಬೆರಳು ತುಂಡು ತುಂಡಾಗಿ ಕಾಣುತ್ತವೆ.

ಈ ಸಣ್ಣ ಬೆಳಕಿನ ಮಾತು ಯಾಕೆ ಇಷ್ಟು ಹೊತ್ತು ಆಡುತ್ತಿದ್ದೇನೆ ಎಂದರೆ, ರಾತ್ರಿ ಪಾಳಿಯಲ್ಲಿ ಮೂರು ಫೇಸ್ ಕರೆಂಟು ಬಂದಾಗ ಎದ್ದು ಗದ್ದೆಗೆ ನೀರು ಕಟ್ಟಲು ಹೋಗುವವನ ಪ್ರಾಣ ಅದರಲ್ಲಿದೆ. ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು, ವರ್ಷಕ್ಕೆ ಸರಾಸರಿ 58 ಸಾವಿರ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕಟ್ಟುಹಾವು ರಾತ್ರಿಯ ಪ್ರಾಣಿ, ಕೊಳಕುಮಂಡಲವೂ ಹೆಚ್ಚಾಗಿ ಕತ್ತಲಾದ ಮೇಲೆಯೇ ಓಡಾಡುವುದು. ಬದುವಿನ ಮೇಲೆ ನಡೆಯುವವನಿಗೆ ಬೇಕಾದದ್ದು ಪಾದದ ಮುಂದೆ ನಾಲ್ಕು ಮಾರು ಅಗಲಕ್ಕೆ ಹರಡಿದ, ಹೋಗುವಾಗಲೂ ಬರುವಾಗಲೂ ಇರುವ ಬೆಳಕು. ಆರು ನೂರು ಮೀಟರ್ ದೂರದ ತೆಂಗಿನ ತುದಿ ತೋರಿಸುವ ಬೆಳಕಿನಿಂದ ಅವನಿಗೇನು ಪ್ರಯೋಜನ? ಅವನ ಟಾರ್ಚು ಪ್ರತಿ ಸಲವೂ ಜೋರು ಬೆಳಕಿನಿಂದಲೇ ಶುರುವಾಗುತ್ತದೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಆ ಒಂದು ಹೊಡೆತಕ್ಕೆ ಅಷ್ಟೂ ಹೊಂದಾಣಿಕೆ ಹೋಗುತ್ತದೆ, ಬೆಳಕಿನ ವೃತ್ತದ ಹೊರಗೆಲ್ಲ ಕಪ್ಪು ಗೋಡೆ. ಹಾವು ಆ ಗೋಡೆಯ ಕಡೆಗಿದ್ದರೆ? ಸೆಲ್ಲು ಉಳಿಸಬೇಕು ಎಂದು ಅವನು ಟಾರ್ಚನ್ನು ಆರಿಸಿಕೊಂಡು, ಹತ್ತು ಹೆಜ್ಜೆಗೊಮ್ಮೆ ಹಚ್ಚಿಕೊಂಡು ನಡೆಯುತ್ತಾನೆ. ನಾಲ್ಕು ರಾತ್ರಿ ಉರಿಯಬಲ್ಲ ಸೆಲ್ಲನ್ನು ಕೈಯಲ್ಲಿ ಹಿಡಿದು ಒಬ್ಬ ಮನುಷ್ಯ ಕತ್ತಲಲ್ಲಿ ನಡೆಯುವಂತೆ ಮಾಡಿದ್ದು ಆ ನಾಣ್ಯದಷ್ಟು ಬೋರ್ಡಿನೊಳಗಿನ ತೀರ್ಮಾನ.

ಇದಕ್ಕೆ ಸಿಗುವ ಮೊದಲ ಉತ್ತರ ಬೆಲೆಯದ್ದು. ಆಯ್ಕೆ ಕೊಟ್ಟರೆ ಖರ್ಚು ಹೆಚ್ಚಂತೆ. ಈ ಉತ್ತರವನ್ನು ನಾನು ಒಂದು ಕ್ಷಣವೂ ಒಪ್ಪುವುದಿಲ್ಲ. 105ಸಿ ಬೋರ್ಡಿನ ಮೇಲೆ ನಕ್ಷತ್ರದ ಆಕಾರದ ಪುಟ್ಟ ತಾಮ್ರದ ಗುರುತುಗಳಿದ್ದವು. ಅವುಗಳಲ್ಲಿ ಒಂದನ್ನು ಅಂಚಿನ ಉಂಗುರಕ್ಕೆ ಒಂದು ಹನಿ ಬೆಸುಗೆ ಹಾಕಿ ಸೇರಿಸಿದರೆ ಮೋಡ್‌ಗಳ ಗುಂಪು ಬದಲಾಗುತ್ತಿತ್ತು. ಆ ನಕ್ಷತ್ರಕ್ಕೆ ಏನು ಖರ್ಚು? ಬೋರ್ಡಿನ ಮೇಲೆ ಹೇಗೂ ಇರುವ ತಾಮ್ರ ಅದು. ಅಷ್ಟೂ ಬೇಡ ಎನ್ನುವವರಿಗೆ ಇನ್ನೊಂದು ಉದಾಹರಣೆ ಇದೆ. ಆ ಬೋರ್ಡಿನ ಮೆದುಳು ಎಟಿಟೈನಿ 13ಎ ಎಂಬ ಮೈಕ್ರೋಕಂಟ್ರೋಲರ್. ಅದರಲ್ಲಿ ಪ್ರೋಗ್ರಾಮ್ ಬರೆಯಲು ಇರುವ ಜಾಗ ಒಂದೇ ಒಂದು ಕಿಲೋಬೈಟ್, ಅಂದರೆ 1024 ಬೈಟ್. ಈ ಲೇಖನದ ಒಂದು ದೊಡ್ಡ ಪ್ಯಾರಾ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಟಾಯ್‌ಕೀಪರ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಪ್ರೋಗ್ರಾಮರ್ ಅಷ್ಟೇ ಜಾಗದಲ್ಲಿ ಬಿಸ್ಕಾಟಿ ಎಂಬ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗಿನ ಪ್ರೋಗ್ರಾಮ್, ಬರೆದರು. ಹನ್ನೆರಡು ಬಗೆಯ ಮೋಡ್ ಗುಂಪುಗಳು. ಬಳಸುವವರು ಬೆಸುಗೆ ಕಡ್ಡಿ ಮುಟ್ಟದೆ, ಟಾರ್ಚಿನ ಗುಂಡಿಯನ್ನೇ ಒತ್ತಿ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದಿತ್ತು. ಸ್ಟ್ರೋಬ್ ಇಲ್ಲದ ಗುಂಪು ಬೇಕೆ, ಇದೆ. ಕೊನೆಗೆ ಬಳಸಿದ ಮೋಡ್ ನೆನಪಿಟ್ಟುಕೊಳ್ಳಬೇಕೆ ಬೇಡವೆ, ಅದೂ ಇದೆ. ಕಾನ್ವಾಯ್ ಎಸ್2 ಪ್ಲಸ್ ಎಂಬ ಟಾರ್ಚು ಇದೇ ಫರ್ಮ್‌ವೇರ್ ಇಟ್ಟುಕೊಂಡು ಲೋಕದ ನಾನಾ ಕಡೆ ಹೋಯಿತು, ಅದೇನೂ ಸಿರಿವಂತರ ಟಾರ್ಚಲ್ಲ. 1024 ಬೈಟಿನಲ್ಲಿ ಹನ್ನೆರಡು ಆಯ್ಕೆ ಹಿಡಿಸಲು ಒಬ್ಬರಿಗೆ ಸಾಧ್ಯವಾದರೆ, ಅದಕ್ಕಿಂತ ಎಂಟು, ಹದಿನಾರು ಪಟ್ಟು ಜಾಗದ ಚಿಪ್ಪು ಇಟ್ಟುಕೊಂಡ ದೊಡ್ಡ ಕಾರ್ಖಾನೆಗೆ ಯಾಕೆ ಸಾಧ್ಯವಿಲ್ಲ? ಹಣ ಇಲ್ಲಿ ಕಾರಣವಲ್ಲ. ಬಳಸುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮನಸ್ಸಿಲ್ಲ.

ಎರಡನೆಯ ಉತ್ತರ ಸುರಕ್ಷತೆಯದ್ದು. ಜನರ ಕೈಗೆ ಸೆಟ್ಟಿಂಗ್ ಕೊಟ್ಟರೆ ಟಾರ್ಚು ಸುಟ್ಟುಕೊಳ್ಳುತ್ತಾರೆ, ಸೆಲ್ಲು ಹಾಳುಮಾಡುತ್ತಾರೆ ಎನ್ನುತ್ತಾರೆ. ಹಾಗಾದರೆ ಮುಚ್ಚಿದ ಟಾರ್ಚಿನಲ್ಲಿ ಈಗ ಏನಾಗುತ್ತಿದೆ ಎಂದು ನೋಡೋಣ.

2.8 ಆಂಪಿಯರ್ ಹರಿಯುವಾಗ ಆ ಪುಟ್ಟ ತಲೆಯೊಳಗೆ ಸುಮಾರು 9 ವಾಟ್ ಖರ್ಚಾಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖವಾಗಿಯೇ ಹೋಗುವುದು. ಆದ್ದರಿಂದ ಬೆಳಕು ಇಳಿಸಲೇಬೇಕು, ಅದರಲ್ಲಿ ತಕರಾರಿಲ್ಲ. ಪ್ರಶ್ನೆ ಯಾವಾಗ, ಯಾವುದರ ಆಧಾರದ ಮೇಲೆ ಎಂಬುದು. ಎಷ್ಟೋ ಟಾರ್ಚುಗಳು ಶಾಖವನ್ನು ನೋಡುವುದೇ ಇಲ್ಲ, ಗಡಿಯಾರ ನೋಡಿ ಇಳಿಸುತ್ತವೆ. ಮೂರು ನಿಮಿಷವಾಯಿತೋ, ಇಳಿಸು. ಡಿಸೆಂಬರಿನ ಕೊಡಗಿನ ಚಳಿಗಾಳಿಯಲ್ಲಿ ಆನೆ ಕಾಯುವವನಿಗೂ ಅದೇ ಮೂರು ನಿಮಿಷ, ಏಪ್ರಿಲ್‌ನ ರಾಯಚೂರಿನಲ್ಲಿ ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತ ಲೈನ್‌ಮನ್‌ಗೂ ಅದೇ ಮೂರು ನಿಮಿಷ. ಒಬ್ಬನಿಗೆ ಇನ್ನೂ ತಣ್ಣಗಿರುವಾಗಲೇ ಬೆಳಕು ಕಸಿದುಕೊಳ್ಳುತ್ತದೆ, ಇನ್ನೊಬ್ಬನ ಕೈ ಅಷ್ಟರಲ್ಲೇ ಸುಡುತ್ತಿರುತ್ತದೆ. ಇಂದಿನ ಮೈಕ್ರೋಕಂಟ್ರೋಲರುಗಳಲ್ಲಿ ಬಹಳಷ್ಟಕ್ಕೆ ಶಾಖ ಅಳೆಯುವ ಸೆನ್ಸರ್ ಚಿಪ್ಪಿನೊಳಗೇ ಇರುತ್ತದೆ. ಆಂಡುರಿಲ್ ಎಂಬ ಮುಕ್ತ ಫರ್ಮ್‌ವೇರ್ ಅದನ್ನೇ ಬಳಸಿ, ಸಾಮಾನ್ಯವಾಗಿ 45 ಡಿಗ್ರಿ ಮಿತಿ ಇಟ್ಟುಕೊಂಡು, ಬೆಳಕನ್ನು ಕಣ್ಣಿಗೆ ಗೊತ್ತಾಗದ ಹಾಗೆ ಏರಿಸಿ ಇಳಿಸಿ ಸರಿದೂಗಿಸುತ್ತದೆ. ಆ ಮಿತಿಯನ್ನು ಬಳಸುವವರು ಬದಲಿಸಿಕೊಳ್ಳಬಹುದು. ಹೊಂದಿಸಬಹುದಾದ ಡ್ರೈವರು ಅಪಾಯಕಾರಿ, ಗಡಿಯಾರ ನೋಡುವ ಡ್ರೈವರು ಸುರಕ್ಷಿತ ಎಂದು ಯಾವ ಮುಖ ಇಟ್ಟುಕೊಂಡು ಹೇಳುತ್ತಾರೆ?

ಗಡಿಯಾರದ ಈ ಚಟಕ್ಕೆ ಪೆಟ್ಟಿಗೆಯ ಮೇಲಿನ ಅಂಕಿಗಳೂ ಕಾರಣ. ಅಮೆರಿಕದಲ್ಲಿ 2009ರಲ್ಲಿ ಬಂದ ಎಎನ್‌ಎಸ್‌ಐ ಎಫ್‌ಎಲ್ 1 ಮಾನದಂಡವನ್ನು ಲೋಕದ ಬಹುಪಾಲು ಹೆಸರಾಂತ ಕಂಪನಿಗಳು ಅನುಸರಿಸುತ್ತವೆ. ಅದರ ಪ್ರಕಾರ ಲುಮೆನ್, ಅಂದರೆ ಒಟ್ಟು ಬೆಳಕಿನ ಅಳತೆ ಹಚ್ಚಿದ 30 ಸೆಕೆಂಡಿನ ಬಳಿಕ ಶುರುವಾಗುತ್ತದೆ. ಎಷ್ಟು ಹೊತ್ತು ಉರಿಯುತ್ತದೆ ಎಂಬ ಲೆಕ್ಕವನ್ನು, ಬೆಳಕು ಮೊದಲಿನ ಶೇಕಡಾ 10ಕ್ಕೆ ಇಳಿಯುವವರೆಗೂ ಎಣಿಸುತ್ತಾ ಹೋಗುತ್ತಾರೆ. ಹೀಗಾಗಿ ಮೂರು ನಿಮಿಷ ಸಾವಿರ ಲುಮೆನ್ ಉರಿದು, ಆಮೇಲೆ ಎರಡು ಗಂಟೆ ನೂರಿಪ್ಪತ್ತರಲ್ಲಿ ಉರಿಯುವ ಟಾರ್ಚು “1000 ಲುಮೆನ್, 2 ಗಂಟೆ” ಎಂದು ಬರೆದುಕೊಳ್ಳಬಹುದು. ನಿಯಮ ಮುರಿದಂತೆಯೂ ಆಗಲಿಲ್ಲ, ನಿಜ ಹೇಳಿದಂತೆಯೂ ಆಗಲಿಲ್ಲ. ಡ್ರೈವರನ್ನು ಬರೆಯುವುದು ಪರೀಕ್ಷೆಗಾಗಿ, ಹಿಡಿಯುವ ಕೈಗಾಗಿ ಅಲ್ಲ. ನಮ್ಮ ಪೇಟೆಯ ಅಗ್ಗದ ಟಾರ್ಚುಗಳ ಪೆಟ್ಟಿಗೆಯ ಮೇಲಿನ ಅಂಕಿಗಳಿಗಂತೂ ಈ ಮಾನದಂಡದ ಹಂಗೂ ಇಲ್ಲ.

ಇನ್ನು ಸೆಲ್ಲು. ಹಳೆಯ ಎವರೆಡಿ ಟಾರ್ಚು ಕೈಯಲ್ಲಿದ್ದ ಕಾಲದಲ್ಲಿ ಸೆಲ್ಲು ಮುಗಿಯುವುದು ಕಣ್ಣಿಗೆ ಕಾಣುತ್ತಿತ್ತು. ಬಿಳಿ ಬೆಳಕು ಹಳದಿಯಾಗಿ, ಹಳದಿ ಕೆಂಪಾಗಿ, ಕೊನೆಗೆ ತಂತಿ ಮಾತ್ರ ಕೆಂಡದಂತೆ ಹೊಳೆಯುವಷ್ಟರಲ್ಲಿ ಮನೆ ಸೇರಬಹುದಿತ್ತು. ಲಿಥಿಯಂ ಸೆಲ್ಲು ಹಾಗಲ್ಲ. 4.2 ವೋಲ್ಟಿನಿಂದ ಶುರುವಾಗಿ, ಸಾಮಾನ್ಯವಾಗಿ 3 ವೋಲ್ಟಿನ ಆಸುಪಾಸಿಗೆ ಬಂದಾಗ ನಿಲ್ಲಿಸಬೇಕು. ತೀರಾ ಕೆಳಗಿಳಿದರೆ ಸೆಲ್ಲು ಕೆಡುತ್ತದೆ, ಮತ್ತೆ ಚಾರ್ಜು ಮಾಡುವುದೇ ಅಪಾಯ. ಒಳ್ಳೆಯ ಡ್ರೈವರು ಹತ್ತಿರ ಬಂದಾಗ ಮೆಟ್ಟಿಲು ಮೆಟ್ಟಿಲಾಗಿ ಬೆಳಕು ಇಳಿಸುತ್ತದೆ. ನಾನು ನೋಡಿದ ಅಗ್ಗದ ಟಾರ್ಚುಗಳಲ್ಲಿ ಎರಡೇ ಜಾತಿ: ಒಂದು ಏನನ್ನೂ ನೋಡದೆ ಸೆಲ್ಲನ್ನು ಸಾಯುವವರೆಗೆ ಹೀರುವುದು, ಇನ್ನೊಂದು ಒಮ್ಮೆಲೇ ಟಕ್ಕೆಂದು ಆರುವುದು. ತುಂಗೆಯ ದಂಡೆಯ ಕಲ್ಲುಗಳ ಮೇಲೆ ನಾನೇ ಒಮ್ಮೆ ಆ ಎರಡನೆಯ ಜಾತಿಯದ್ದನ್ನು ಹಿಡಿದು ನಿಂತಿದ್ದೆ. ಕತ್ತಲು ಅಷ್ಟು ದಟ್ಟವಾಗಿ ಮೈಮೇಲೆ ಬೀಳುತ್ತದೆ ಎಂದು ಅದಕ್ಕೆ ಮೊದಲು ಗೊತ್ತಿರಲಿಲ್ಲ. ಮೂರು ಹೆಜ್ಜೆ ಕೆಳಗೆ ನೀರಿತ್ತು. ಕೂತು, ಕೈಯಿಂದ ತಡಕಾಡಿ, ಹಿಂದಕ್ಕೆ ತೆವಳಿ ಬಂದೆ. ಸೆಲ್ಲಿನಲ್ಲಿ ಆಗಲೂ ಅರ್ಧ ಗಂಟೆಯ ಸಣ್ಣ ಬೆಳಕಿಗೆ ಸಾಲುವಷ್ಟು ಉಳಿದಿತ್ತು ಎಂದು ಮನೆಗೆ ಬಂದು ಅಳೆದಾಗ ಗೊತ್ತಾಯಿತು. ಅದನ್ನು ನನಗೆ ಕೊಡಬಾರದು ಎಂದು ತೀರ್ಮಾನಿಸಿದವರು ಯಾರು? ಆ ನದಿಯನ್ನು ಅವರು ನೋಡಿದ್ದರೇ?

ಮುಚ್ಚಿಟ್ಟ ಟಾರ್ಚು ಕೆಟ್ಟಾಗ ಏನಾಗುತ್ತದೆ ಎಂಬುದನ್ನೂ ಸುರಕ್ಷತೆಯ ಮಾತಾಡುವವರು ಬಂದು ನೋಡಬೇಕು. ಜನ ಅದನ್ನು ಮೊಬೈಲ್ ರಿಪೇರಿ ಅಂಗಡಿಗೆ ಒಯ್ಯುತ್ತಾರೆ. ಅಂಗಡಿಯ ಹುಡುಗ ಜಾಣ, ಕೈಯಲ್ಲಿ ಬೆಸುಗೆ ಕಡ್ಡಿ ಇದೆ, ಮಲ್ಟಿಮೀಟರ್ ಇದೆ. ಇಲ್ಲದ್ದು ಡ್ರೈವರಿನ ಮಾಹಿತಿ. ಯಾವ ಚಿಪ್ಪು, ಯಾವ ಕಾಲು ಎಲ್ಲಿಗೆ, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕು ಎಂಬುದು ಯಾರಿಗೂ ಗೊತ್ತಿಲ್ಲ, ಚಿಪ್ಪಿನ ಮೇಲಿನ ಅಕ್ಷರಗಳನ್ನೂ ಉಜ್ಜಿ ಹಾಕಿರುತ್ತಾರೆ. ಅವನು ಕೊನೆಗೆ ಬೋರ್ಡು ಕಿತ್ತು ಎಲ್‌ಇಡಿಗೆ ತಂತಿ ಎಳೆದು, “ಡೈರೆಕ್ಟ್ ಕೊಟ್ಟಿದೀನಿ ಸಾರ್, ಈಗ ಚೆನ್ನಾಗಿ ಉರಿಯುತ್ತೆ” ಎಂದು ಕೈಗಿಡುತ್ತಾನೆ. ಶಾಖದ ಕಾವಲಿಲ್ಲ, ಸೆಲ್ಲಿನ ಕಾವಲಿಲ್ಲ, ಪ್ರವಾಹಕ್ಕೆ ಮಿತಿಯಿಲ್ಲ. ನನ್ನ ಮೇಜಿಗೆ ಹೀಗೆ ಡೈರೆಕ್ಟ್ ಆದ ಟಾರ್ಚುಗಳು ಎಷ್ಟು ಬಂದಿವೆಯೋ ಲೆಕ್ಕವಿಟ್ಟಿಲ್ಲ, ಒಂದರ ಸೆಲ್ಲಿನ ಹೊದಿಕೆ ಕರಗಿ ಕೊಳವೆಗೆ ಅಂಟಿತ್ತು. ಹುಡುಗನನ್ನು ಬೈಯುವುದು ಸುಲಭ. ಅವನಿಗೆ ಬೇರೆ ದಾರಿ ಉಳಿಸದವರನ್ನು ಯಾರು ಕೇಳುತ್ತಾರೆ? ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ಕ್ಷೇತ್ರ ಗುರುತಿಸಿತು. ರೈತನ ಕೈಯಲ್ಲಿ ನೇಗಿಲಿಗಿಂತ ಹೆಚ್ಚು ಹೊತ್ತು ಇರುವ ಟಾರ್ಚು ಆ ಮಾತುಕತೆಯಲ್ಲಿ ಎಲ್ಲಿದೆ?

ಮೂರನೆಯ ಉತ್ತರವೇ ಎಲ್ಲಕ್ಕಿಂತ ಹಳೆಯದು, ನನ್ನನ್ನು ಹೆಚ್ಚು ನೋಯಿಸುವುದೂ ಅದೇ. ಜನಕ್ಕೆ ಅರ್ಥವಾಗುವುದಿಲ್ಲ ಎನ್ನುವುದು. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ರಿಲೇ ಹೊಂದಿಸುವವರು, ಕಳೆ ಹೊಡೆಯುವ ಯಂತ್ರದ ಕಾರ್ಬುರೇಟರ್ ತಿರುಗಿಸಿ ಕಿವಿಯಲ್ಲೇ ಸದ್ದು ಅಳೆಯುವವರು, ಮೊಬೈಲಿನ ಹತ್ತು ಮೆನುವಿನೊಳಗೆ ಹೊಕ್ಕು ಬರುವವರು, ಇವರಿಗೆ ಗುಂಡಿಯನ್ನು ಎಷ್ಟು ಸಲ ಒತ್ತಬೇಕು ಎಂಬುದು ಅರ್ಥವಾಗುವುದಿಲ್ಲವೇ? ನಮ್ಮೂರಲ್ಲಿ ನೀರು ಬಿಡುವ ಕೆಲಸದ ಹುಡುಗನಿಗೆ ಆಂಡುರಿಲ್ ಹಾಕಿದ ಟಾರ್ಚು ಕೊಟ್ಟೆ. ಒಂದು ಸಲ ಒತ್ತಿದರೆ ಹತ್ತುತ್ತದೆ, ಮತ್ತೊಮ್ಮೆ ಒತ್ತಿದರೆ ಆರುತ್ತದೆ. ಆರಿರುವಾಗ ಒತ್ತಿ ಹಿಡಿದರೆ ತೀರಾ ಸಣ್ಣ ಬೆಳಕಿನಿಂದ ಶುರುವಾಗಿ ಏರುತ್ತದೆ, ಬೇಕಾದಲ್ಲಿ ಕೈಬಿಟ್ಟರೆ ಅಲ್ಲೇ ನಿಲ್ಲುತ್ತದೆ. ನಾಲ್ಕು ಸಲ ಒತ್ತಿದರೆ ಬೀಗ, ಚೀಲದಲ್ಲಿ ತಾನಾಗಿ ಹತ್ತಿಕೊಳ್ಳುವುದಿಲ್ಲ. ಮೂರು ಸಲ ಒತ್ತಿದರೆ ಸೆಲ್ಲಿನ ವೋಲ್ಟನ್ನು ಮಿನುಗಿ ಹೇಳುತ್ತದೆ, ಮೂರು ಮಿನುಗು, ಬಿಡುವು, ಒಂಬತ್ತು ಮಿನುಗು ಎಂದರೆ 3.9. ಹೇಳಿಕೊಡಲು ಐದು ನಿಮಿಷ ಬೇಕಾಯಿತು. ವಾರ ಕಳೆದು ಬಂದು ಅವನು ಕೇಳಿದ್ದು ಇದು: “ಅಣ್ಣಾ, ಮೇಲಿನ ತುದಿ ಇನ್ನೂ ಸ್ವಲ್ಪ ಇಳಿಸಕ್ಕಾಗುತ್ತಾ? ಅಷ್ಟು ಜೋರು ನನಗೆ ಬೇಡ, ಸೆಲ್ಲು ತಿನ್ನುತ್ತೆ.” ಕಾರ್ಖಾನೆಯ ಯಾವ ಎಂಜಿನಿಯರಿಗೂ ಹೊಳೆಯದ ಬೇಡಿಕೆ ಅದು. ಜೋರು ಬೆಳಕು ಬೇಡ ಎನ್ನುವ ಗ್ರಾಹಕ ಇದ್ದಾನೆ ಎಂಬುದೇ ಅವರಿಗೆ ಗೊತ್ತಿಲ್ಲ, ಯಾಕೆಂದರೆ ಅವನು ಹಾಗೆ ಹೇಳಲು ಟಾರ್ಚಿನಲ್ಲಿ ಒಂದು ದಾರಿಯನ್ನೇ ಅವರು ಇಟ್ಟಿಲ್ಲ.

ಸರಳತೆ ಬೇಕು ಎನ್ನುವವರ ಜೊತೆ ನನಗೆ ಜಗಳವಿಲ್ಲ. ಆಂಡುರಿಲ್‌ನ ಎರಡನೆಯ ಆವೃತ್ತಿಯಲ್ಲಿ ಟಾರ್ಚು ಪೆಟ್ಟಿಗೆಯಿಂದ ಹೊರಬರುವಾಗಲೇ ಸರಳ ರೂಪದಲ್ಲಿರುತ್ತದೆ: ಮೇಲಿನ ಮಿತಿ ತಗ್ಗಿಸಿರುತ್ತಾರೆ, ಸ್ಟ್ರೋಬ್ ಕೈಗೆ ಸಿಗುವುದಿಲ್ಲ, ಅಜ್ಜಿಯ ಕೈಗೂ ಧೈರ್ಯವಾಗಿ ಕೊಡಬಹುದು. ಹತ್ತು ಸಲ ಒತ್ತಿ ಹತ್ತನೆಯದನ್ನು ಹಿಡಿದರೆ ಮಾತ್ರ ಉಳಿದ ಬಾಗಿಲು ತೆರೆಯುತ್ತದೆ. ಸರಳತೆಯೂ ಇದೆ, ಸ್ವಾತಂತ್ರ್ಯವೂ ಇದೆ, ಎರಡೂ ಒಂದೇ ಚಿಪ್ಪಿನಲ್ಲಿ. ಮತ್ತೆ ಯಾಕೆ ಒಂದನ್ನು ಕೊಡಲು ಇನ್ನೊಂದನ್ನು ಕಸಿದುಕೊಳ್ಳಬೇಕು?

ನನ್ನವರೇ ಆದ ಹವ್ಯಾಸಿಗಳಿಗೂ ಒಂದು ಮಾತು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾದೀತು. ಹೊಂದಿಸಬಹುದಾದ ಡ್ರೈವರ್ ಎಂಬ ಒಳ್ಳೆಯ ವಸ್ತುವನ್ನು ನಾವು ನಮ್ಮ ಗುಂಪಿನ ಗುಟ್ಟಾಗಿ ಇಟ್ಟುಕೊಂಡಿದ್ದೇವೆ. ಯಾರ ಟಾರ್ಚು ಹೆಚ್ಚು ದೂರ ಹೊಡೆಯುತ್ತದೆ, ಯಾರದ್ದು ಹೆಚ್ಚು ಆಂಪಿಯರ್ ಎಳೆಯುತ್ತದೆ ಎಂಬ ಪೈಪೋಟಿಯಲ್ಲಿ ನಮ್ಮ ಸಂಜೆಗಳು ಹೋದವು. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಚೀಲ ತುಂಬ ಬಿಡಿಭಾಗ ಹೊತ್ತು ತಂದವರಲ್ಲಿ ಎಷ್ಟು ಜನ ತಮ್ಮೂರ ರಿಪೇರಿ ಅಂಗಡಿಯ ಹುಡುಗನಿಗೆ ಒಂದು 7135 ಚಿಪ್ಪನ್ನು ತೋರಿಸಿ ವಿವರಿಸಿದ್ದೇವೆ? ಕನ್ನಡದಲ್ಲಿ ಒಂದು ಪುಟದ ಕೈಪಿಡಿ ಬರೆದಿದ್ದೇವೆಯೇ? ನಾನೂ ಬರೆದಿರಲಿಲ್ಲ. ಈ ವರ್ಷ ಬರೆದೆ, ಎರಡು ಮಗ್ಗುಲಿನ ಒಂದು ಹಾಳೆ, ಟಾರ್ಚು ಒಯ್ಯುವ ಪ್ರತಿಯೊಬ್ಬರಿಗೂ ಕೊಡುತ್ತಿದ್ದೇನೆ.

ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳೇ, ಗೆರೆ ಹಿಂಬಾಲಿಸುವ ರೋಬೋಟನ್ನು ಮಕ್ಕಳಿಂದ ಇನ್ನೂ ಎಷ್ಟು ವರ್ಷ ಮಾಡಿಸುತ್ತೀರಿ? ಒಂದು ಟಾರ್ಚಿನ ಡ್ರೈವರ್ ಕೊಡಿ. ಸ್ಥಿರ ಪ್ರವಾಹ, ಶಾಖ, ಸೆಲ್ಲಿನ ರಸಾಯನ, ಕಣ್ಣಿನ ಗ್ರಹಿಕೆ, ಒಂದೇ ಗುಂಡಿಯಲ್ಲಿ ಹತ್ತು ಆಜ್ಞೆ ಹಿಡಿಸುವ ಪ್ರೋಗ್ರಾಮಿಂಗ್, ಎಲ್ಲವೂ ಅದರಲ್ಲಿವೆ. ಆಂಡುರಿಲ್‌ನ ಮೂಲ ಸಂಕೇತ ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ತೆರೆದಿದೆ. ಓದಿಸಿ, ತಿದ್ದಿಸಿ, ಊರಿನ ಒಬ್ಬ ಲೈನ್‌ಮನ್ನನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆದು ಕೂರಿಸಿ, ಅವರಿಗೆ ಎಂಥ ಬೆಳಕು ಬೇಕು ಎಂದು ಕೇಳಿ ಅದನ್ನೇ ಬರೆಯಿಸಿ.

ಅರಣ್ಯ ಇಲಾಖೆ, ವಿದ್ಯುತ್ ಕಂಪನಿಗಳು, ಆರೋಗ್ಯ ಇಲಾಖೆ ತಮ್ಮ ಸಿಬ್ಬಂದಿಗೆ ಟಾರ್ಚು ಕೊಳ್ಳುವಾಗ ಟೆಂಡರಿನ ಷರತ್ತಿನಲ್ಲಿ ಲುಮೆನ್ ಮಾತ್ರ ಬರೆಯುವುದನ್ನು ನಿಲ್ಲಿಸಬೇಕು. ಹತ್ತಿಸಿದಾಗ ಮೊದಲು ಬರುವ ಬೆಳಕನ್ನು ಬಳಸುವವರೇ ನಿಗದಿ ಮಾಡುವಂತಿರಬೇಕು. ಸ್ಟ್ರೋಬ್ ಸರದಿಯ ಹೊರಗಿರಬೇಕು. ಬೆಳಕು ಇಳಿಯುವುದು ಶಾಖ ಅಳೆದು, ಗಡಿಯಾರ ನೋಡಿ ಅಲ್ಲ. ಸೆಲ್ಲು ಮುಗಿಯುವಾಗ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಎಚ್ಚರಿಸಬೇಕು. ತಲೆ ಅಂಟಿನಿಂದ ಮುಚ್ಚದೆ ತಿರುಗಿಸಿ ಬಿಚ್ಚುವಂತಿರಬೇಕು. ಪೆಟ್ಟಿಗೆಯೊಳಗೆ ಕನ್ನಡದಲ್ಲಿ ಸೆಟ್ಟಿಂಗಿನ ಹಾಳೆ, ಡ್ರೈವರಿನ ನಕ್ಷೆ ಇರಬೇಕು. ಇದರಲ್ಲಿ ಒಂದೂ ಅಸಾಧ್ಯವಾದದ್ದಲ್ಲ, ಎಲ್ಲವನ್ನೂ ಯಾರೋ ಎಲ್ಲೋ ಆಗಲೇ ಮಾಡಿ ತೋರಿಸಿದ್ದಾರೆ. ದೊಡ್ಡ ಖರೀದಿದಾರರು ಒಂದು ಸಲ ಕೇಳಿದರೆ ಸಾಕು, ಕಾರ್ಖಾನೆಗಳು ದಾರಿ ಹುಡುಕಿಕೊಳ್ಳುತ್ತವೆ.

ಅಂಗಡಿಗೆ ಹೋದಾಗ ನೀವೂ ಕೇಳಿ. ಎಷ್ಟು ಲುಮೆನ್ ಎಂದು ಕೇಳುವ ಮೊದಲು, ಇದನ್ನು ನನಗೆ ಬೇಕಾದ ಹಾಗೆ ಹೊಂದಿಸಬಹುದಾ ಎಂದು ಕೇಳಿ. ಇಲ್ಲ ಎಂದರೆ ಕೊಳ್ಳದೆ ಎದ್ದು ಬನ್ನಿ. ಈಗ ಊರಲ್ಲಿ ಯಾರಿಗೆ ಬೆಳಕು ತಗ್ಗಿಸಬೇಕಾದರೂ ನನ್ನ ಮನೆಯ ಮೆಟ್ಟಿಲು ಹತ್ತುತ್ತಾರೆ, ಆ ನೀರು ಬಿಡುವ ಹುಡುಗನೂ ಹತ್ತಿದ್ದ. ಅವನ ಮೇಲಿನ ತುದಿಯನ್ನು ನಾನು ಇಳಿಸಿಕೊಡಲಿಲ್ಲ, ಹೇಗೆ ಇಳಿಸುವುದೆಂದು ಹೇಳಿಕೊಟ್ಟೆ. ಮಾರನೆಯ ವಾರ ಅವನು ತನ್ನ ಅಪ್ಪನ ಟಾರ್ಚನ್ನೂ, ಅವರ ಜೊತೆ ಕೊನೆ ಕೊಯ್ಯಲು ಬರುವ ಇನ್ನಿಬ್ಬರದ್ದನ್ನೂ ಅವನೇ ಹೊಂದಿಸಿದ. ಮೂರಕ್ಕೂ ಮೂರು ಬೇರೆ ಬೇರೆ ಬೆಳಕು ಇಟ್ಟಿದ್ದಾನೆ.